ಅಜ್ಞಾನ ಅನ್ನುವುದೂ ಒಂದು ಥಿಯರಿಯೇ

ಹೋದ ಸಂಚಿಕೆಯಲ್ಲಿ ಆರೋಗ್ಯ ನೀತಿಯ ಬಗ್ಗೆ ಬಂದ ಲೇಖನ ಓದಿ, ನಿವೃತ್ತ ಆರೋಗ್ಯ ಸಹಾಯಕಿಯೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರದ ಸಾರ ಇಷ್ಟು: "ನಾಲ್ಕು ಪುಟದಲ್ಲಿ ಫ್ರೆಂಚ್ ಚಿಂತಕ ಫೂಕೋ ಹೆಸರು ಹನ್ನೊಂದು ಸಲ ಬಂದಿದೆ. ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿದವಳು ನಾನು. ಥಿಯರಿಯಿಂದ ಯಾರ ಜ್ವರವೂ ಇಳಿಯಲ್ಲ. ಸಂತಾನಹರಣ ಆಪರೇಷನ್ ಕ್ಯಾಂಪಿಗೆ ಗಂಡಸರು ಯಾಕೆ ಬರಲ್ಲ? ಅಜ್ಞಾನ. ಇದನ್ನು ಹೇಳೋಕೆ ಫ್ರಾನ್ಸಿನವರು ಬೇಕಾ?"

ಸಿಸ್ಟರ್, ನಮಸ್ಕಾರ.

ನಾನೂ ಕೂತು ಎಣಿಸಿದೆ. ಹದಿಮೂರು ಸಲ ಇದೆ. ಅದನ್ನು ತಿದ್ದಿ ಅಚ್ಚಿಗೆ ಕಳಿಸಿದವನು ನಾನೇ. ಅಷ್ಟರ ಮಟ್ಟಿಗೆ ಬೈಗುಳ ನನಗೇ ಸಲ್ಲಬೇಕು.

ಆದರೆ ನಿಮ್ಮ ಪತ್ರದ ಮೂರನೇ ಪುಟವನ್ನು ನಾನು ಎರಡು ಸಲ ಓದಿದೆ. ಶಾಲೆಯ ಜಗಲಿಯ ಮೇಲೆ ಜಮಖಾನ. ಆಪರೇಷನ್ ಆದ ಹೆಂಗಸರು ಸಾಲಾಗಿ ಮಲಗಿದ್ದಾರೆ, ಮಂಪರು ಇನ್ನೂ ಇಳಿದಿಲ್ಲ. ಗಂಡಂದಿರು ಗೇಟಿನಾಚೆ ಟೀ ಅಂಗಡಿಯಲ್ಲಿದ್ದಾರೆ. ಕೂಸನ್ನು ಮಡಿಲಲ್ಲಿಟ್ಟುಕೊಂಡ ಅತ್ತೆಗೆ ನೀವು, "ಮಗನಿಗೇ ಮಾಡಿಸಬಹುದಿತ್ತಲ್ಲಮ್ಮ, ಸಣ್ಣ ಗಾಯ" ಅಂದಿರಿ. ಆಕೆ, "ದುಡಿಯೋ ಗಂಡ್ಸು ಕಣವ್ವ, ಕೈಲಾಗದಂಗಾದ್ರೆ?" ಅಂದಳು. ಆ ಸೊಸೆ ಎಂಟನೇ ದಿನಕ್ಕೆ ಕಳೆ ಕೀಳಲು ಹೋದದ್ದನ್ನೂ ನೀವೇ ಬರೆದಿದ್ದೀರಿ.

ಇದನ್ನು ಅಜ್ಞಾನ ಅನ್ನಬಹುದು. ಆದರೆ ಅದೂ ಒಂದು ಥಿಯರಿಯೇ. ಜನಕ್ಕೆ ತಿಳಿವಳಿಕೆ ಇಲ್ಲ, ತಿಳಿಸಿ ಹೇಳಿದರೆ ದಾರಿಗೆ ಬರುತ್ತಾರೆ ಅನ್ನುವ ಥಿಯರಿ. ನೀವು ಬರೆಸಿದ ಗೋಡೆಬರಹ, ಹಂಚಿದ ಕರಪತ್ರ ಎಲ್ಲ ಅದರ ಮೇಲೇ ನಿಂತಿದ್ದವು. ತುಂಬಾ ಬಳಸಿ ಸವೆದಿದೆ, ಹಾಗಾಗಿ ಅದು ಥಿಯರಿ ಅಂತ ಯಾರಿಗೂ ಅನ್ನಿಸುವುದಿಲ್ಲ, ಅಷ್ಟೇ.

ಈಗ ಲೆಕ್ಕ ನೋಡಿ. 1971ರ ಜುಲೈನಲ್ಲಿ ಕೇರಳದ ಎರ್ನಾಕುಲಂನಲ್ಲಿ ಒಂದು ಕ್ಯಾಂಪ್ ನಡೆಯಿತು. ಒಂದೇ ತಿಂಗಳಲ್ಲಿ 60 ಸಾವಿರಕ್ಕೂ ಜಾಸ್ತಿ ಗಂಡಸರು ವ್ಯಾಸೆಕ್ಟಮಿ, ಅಂದರೆ ಗಂಡಸರ ಸಂತಾನಹರಣ ಆಪರೇಷನ್, ಮಾಡಿಸಿಕೊಂಡರು. ಇನ್ನು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 37.9ರಷ್ಟು ಮಂದಿ ತಾವೇ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡ ಮಾಡಿಸಿಕೊಂಡದ್ದು ಶೇ. 0.3. ಈ ಐವತ್ತು ವರ್ಷದಲ್ಲಿ ಗಂಡಸರ ಓದು ಹೆಚ್ಚಿದೆಯೇ ಹೊರತು ಕಡಿಮೆ ಆಗಿಲ್ಲ. ಅಜ್ಞಾನವೇ ಕಾರಣ ಆಗಿದ್ದರೆ ಲೆಕ್ಕ ಉಲ್ಟಾ ಇರಬೇಕಿತ್ತು ಅಲ್ವಾ?

ನಡುವೆ ತುರ್ತು ಪರಿಸ್ಥಿತಿ ಬಂತು. 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್, ಮುಕ್ಕಾಲು ಪಾಲು ಗಂಡಸರದು. ಮೇಷ್ಟ್ರುಗಳಿಗೂ ಟಾರ್ಗೆಟ್, ಆಪರೇಷನ್ನಿಗೆ ಜನರನ್ನು ಕರೆತರದಿದ್ದರೆ ಸಂಬಳಕ್ಕೆ ಕತ್ತರಿ. 1977ರ ಚುನಾವಣೆಯಲ್ಲಿ ಉತ್ತರ ಭಾರತದ ಗಂಡಸರು ಕಾಂಗ್ರೆಸ್ ಮೇಲೆ ಸೇಡು ತೀರಿಸಿಕೊಂಡರು. ಆಮೇಲೆ ಸರ್ಕಾರ 'ಕುಟುಂಬ ಯೋಜನೆ'ಯನ್ನು 'ಕುಟುಂಬ ಕಲ್ಯಾಣ' ಅಂತ ಕರೆಯಿತು. ಟಾರ್ಗೆಟ್ ಮಾತ್ರ 1996ರವರೆಗೂ ಉಳಿಯಿತು. ಗಂಡಸರ ತಂಟೆಗೆ ಹೋಗಲು ಅಧಿಕಾರಿಗಳಿಗೆ ಭಯ. ಅಷ್ಟರಲ್ಲಿ ಹೊಟ್ಟೆಗೆ ಸಣ್ಣ ತೂತು ಮಾಡಿ ಒಳಗೆ ನೋಡುವ ಲ್ಯಾಪರೋಸ್ಕೋಪ್ ಬಂತು, ಒಂದು ದಿನಕ್ಕೆ ಹತ್ತಾರು ಹೆಂಗಸರಿಗೆ ಮಾಡಿ ಮುಗಿಸಬಹುದಾಯಿತು. ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. ಗಂಡಸರು ಬರುವುದನ್ನು ನಿಲ್ಲಿಸಿದರು ಅನ್ನುವುದಕ್ಕಿಂತ, ನಾವು ಅವರನ್ನು ಕರೆಯುವುದನ್ನು ನಿಲ್ಲಿಸಿದೆವು.

ಫೂಕೋ ಇಲ್ಲಿ ಯಾಕೆ ಬೇಕು ಅಂತೀರಾ? ಅವರ 'ಲೈಂಗಿಕತೆಯ ಚರಿತ್ರೆ'ಯ ಮೊದಲ ಸಂಪುಟ ಪ್ಯಾರಿಸ್ಸಿನಲ್ಲಿ ಹೊರಬಂದದ್ದೂ 1976ರಲ್ಲೇ, ಸುಮ್ನೆ ಕಾಕತಾಳೀಯ. ಅದರಲ್ಲಿ ಅವರು ಹೇಳುವುದು ಇಷ್ಟು: ಹಳೆಯ ರಾಜನ ಅಧಿಕಾರ ಇದ್ದದ್ದು ತಲೆ ತೆಗೆಯುವುದರಲ್ಲಿ, ಈಗಿನ ಸರ್ಕಾರದ್ದು ತಲೆ ಎಣಿಸುವುದರಲ್ಲಿ. ಹುಟ್ಟು, ಸಾವು, ರೋಗ ಎಲ್ಲ ಲೆಕ್ಕಕ್ಕೆ ಬಂದವು, ಆ ಸಂಖ್ಯೆಗಳನ್ನು ಏರಿಸುವುದು, ಇಳಿಸುವುದೇ ಆಡಳಿತವಾಯಿತು. ನೀವು ರಾತ್ರಿ ಕೂತು ತುಂಬಿಸುತ್ತಿದ್ದ ರಿಜಿಸ್ಟರ್ ಅದೇ ತಾನೆ?

ಆದರೆ ಆ ಲೆಕ್ಕದಲ್ಲಿ ಯಾರ ಮೈ ಮುಂದೆ ಬರುತ್ತದೆ, ಯಾರದು ಹಿಂದೆ ಸರಿಯುತ್ತದೆ ಅನ್ನುವಲ್ಲಿ ಫೂಕೋ ಕೈಕೊಡುತ್ತಾರೆ. ಅಲ್ಲಿ ನಿಮ್ಮ ಅತ್ತೆಯೇ ವಾಸಿ. 'ದುಡಿಯೋ ಗಂಡ್ಸು' ಅಂದರೆ ಸೊಸೆಯ ದುಡಿಮೆ ದುಡಿಮೆಯೇ ಅಲ್ಲ ಅಂತ. ಸ್ತ್ರೀವಾದಿಗಳು ಪುಟಗಟ್ಟಲೆ ಬರೆದದ್ದನ್ನು ಆಕೆ ಒಂದೇ ಮಾತಲ್ಲಿ ಹೇಳಿಬಿಟ್ಟಳು, ಅದೂ ಎದುರು ಪಕ್ಷದಿಂದ.

ಥಿಯರಿಯಿಂದ ಜ್ವರ ಇಳಿಯಲ್ಲ ಅಂದಿರಿ, ಇದನ್ನು ನೋಡಿ. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಹತ್ತಿರ ಒಂದು ಕ್ಯಾಂಪಿನಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಡಾಕ್ಟರ ತಪ್ಪು ಅಂತ ಮಾತ್ರ ನೋಡಿದ್ದರೆ ಅವರೊಬ್ಬರನ್ನು ಹಿಡಿದು ಮುಗಿಸಬಹುದಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಅಷ್ಟಕ್ಕೇ ನಿಲ್ಲಲಿಲ್ಲ. ಮೂರು ವರ್ಷದೊಳಗೆ ಕ್ಯಾಂಪ್ ಪದ್ಧತಿಯನ್ನೇ ನಿಲ್ಲಿಸಿ ಅಂದಿತು.

ನಿಮ್ಮಲ್ಲಿ ಒಂದು ಕೇಳಿಕೊಳ್ಳುವುದಿದೆ, ಸಿಸ್ಟರ್. ನಿಮ್ಮ ರಿಜಿಸ್ಟರಿನಲ್ಲಿ ಗಂಡಸರಿಗೆ ಅಂತ ಒಂದು ಕಾಲಂ ಇತ್ತಾ? ಇದ್ದರೆ ಅದು ಯಾವ ವರ್ಷದಿಂದ ಖಾಲಿ ಬೀಳತೊಡಗಿತು, ಮೇಲಿನವರು ಅದರ ಬಗ್ಗೆ ಯಾವತ್ತಾದರೂ ಕೇಳಿದ್ದರಾ? ಬರೆದು ಕಳಿಸಿ. ಎಷ್ಟು ಪುಟ ಆದರೂ ಹಾಕುತ್ತೇನೆ, ಒಂದು ಸಲವೂ ಫೂಕೋ ಹೆಸರು ಸೇರಿಸದೆ.

— ಸಂ.