ಹಳೆಯ ಬೆಂಜ್ ಕಾರಿನ ಪೆಟ್ರೋಲ್ ಪಂಪ್ ರಿಲೇಯನ್ನು ಬಿಚ್ಚಿ ನೋಡಿ ಹೊಸದನ್ನು ಮಾಡಿಸಬಹುದೇ?

ನಿಮ್ಮ ನಾಲ್ಕು ಸಿಲಿಂಡರಿನ ಮರ್ಸಿಡಿಸ್ 190ಇ ಬಿಸಿಯಾದ ಮೇಲೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ತಣ್ಣಗಾದರೆ ಮತ್ತೆ ಸ್ಟಾರ್ಟ್ ಆಗುತ್ತದೆ, ಮೆಕ್ಯಾನಿಕ್ ಸದ್ಯಕ್ಕೆ ಪಂಪಿಗೆ ‘ಡೈರೆಕ್ಟ್’ ಕೊಟ್ಟಿದ್ದಾರೆ (ರಿಲೇಯನ್ನು ಬಿಟ್ಟು ನೇರವಾಗಿ ತಂತಿ ಎಳೆದಿದ್ದಾರೆ), ಪಂಪಿನ ವಿದ್ಯುತ್ತನ್ನು ಹಾಕಿ ತೆಗೆಯುವ ಪೆಟ್ಟಿಗೆಯಾದ ರಿಲೇಯನ್ನು ಹೊಸದಾಗಿ ಕೊಳ್ಳುವ ಬದಲು ಅಂಥದ್ದನ್ನೇ ತುಮಕೂರಿನಲ್ಲಿ ಮಾಡಿಸಬಹುದೇ ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವನಾಗಿ ಹೇಳುವುದಾದರೆ, ಖಂಡಿತ ಮಾಡಿಸಬಹುದು.

ಆದರೆ ಮೊದಲು ಹಳೆಯ ರಿಲೇಯ ಪ್ಲಾಸ್ಟಿಕ್ ಕವಚವನ್ನು ತೆಗೆದು, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಲೆನ್ಸಿನಲ್ಲಿ ಬೋರ್ಡಿನ ತಳಭಾಗವನ್ನು ನೋಡಿ (ಎಚ್‌ಎಂಟಿ ಗಡಿಯಾರಗಳು ತಯಾರಾದ ಊರಿನಲ್ಲಿ ಅದಕ್ಕೇನೂ ಕೊರತೆಯಿಲ್ಲ). ದಪ್ಪ ಪಿನ್ನುಗಳ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಉಂಗುರಾಕಾರದ ಬಿರುಕು ಕಂಡರೆ, ಹಳೆಯ ಸೋಲ್ಡರನ್ನು ಹೀರಿ ತೆಗೆದು ಹೊಸದಾಗಿ ಬೆಸುಗೆ ಹಾಕಿಸಿ. ಈ ರಿಲೇಗಳಿಗೆ ಇದು ಹೆಸರುವಾಸಿ ಕಾಯಿಲೆ. ನೀವು ಹೇಳಿದ ಲಕ್ಷಣವೂ ಅದಕ್ಕೇ ಹೊಂದುತ್ತದೆ.

ಬೋರ್ಡು ಸುಟ್ಟಿದ್ದರೆ ಮಾತ್ರ ಹೊಸದನ್ನು ಮಾಡುವ ಕೆಲಸ. ಇಲ್ಲಿ ಸರ್ಕ್ಯೂಟನ್ನು ಯಥಾವತ್ತು ನಕಲು ಮಾಡುವುದಕ್ಕಿಂತ, ಆ ಪೆಟ್ಟಿಗೆ ಯಾವ ಸಂದರ್ಭದಲ್ಲಿ ಏನು ಮಾಡುತ್ತದೆ ಎಂದು ಪಟ್ಟಿ ಮಾಡಿಕೊಳ್ಳುವುದು ಮುಖ್ಯ. ಜರ್ಮನ್ ಕಾರುಗಳ ಟರ್ಮಿನಲ್ ಸಂಖ್ಯೆಗಳಲ್ಲಿ 30 ಬ್ಯಾಟರಿ, 15 ಇಗ್ನಿಷನ್, 31 ಅರ್ತ್, 50 ಸ್ಟಾರ್ಟರ್, 87 ಪಂಪಿಗೆ ಹೋಗುವ ತಂತಿ. ಇವುಗಳ ಜೊತೆಗೆ ಎಂಜಿನ್ ತಿರುಗುತ್ತಿದೆ ಎಂದು ತಿಳಿಸುವ ‘ಟಿಡಿ’ ಎಂಬ ಪಲ್ಸ್ ಬರುತ್ತದೆ. ಕೀಲಿ ತಿರುಗಿಸಿದಾಗ ರಿಲೇ ಸುಮಾರು ಒಂದು ಸೆಕೆಂಡ್ ಪಂಪನ್ನು ಓಡಿಸಿ ನಿಲ್ಲಿಸುತ್ತದೆ; ಆಮೇಲೆ ಈ ಪಲ್ಸ್ ಬರುತ್ತಿದ್ದರೆ ಮಾತ್ರ ಓಡಿಸುತ್ತದೆ. ಕೆಲವು ರಿಲೇಗಳಲ್ಲಿ ಎಂಜಿನ್ ವೇಗದ ಮಿತಿಯೂ ಅಡಗಿರುವುದರಿಂದ, ನಿಮ್ಮದರ ಪಾರ್ಟ್ ನಂಬರನ್ನು ಮೊದಲು ಬರೆದಿಟ್ಟುಕೊಳ್ಳಿ.

ನಾಲ್ಕು ಸಿಲಿಂಡರಿಗೆ ಒಂದು ಸುತ್ತಿಗೆ ಎರಡು ಪಲ್ಸ್. ಸ್ಟಾರ್ಟರ್ ನಿಮಿಷಕ್ಕೆ 200 ಸುತ್ತು ತಿರುಗಿಸಿದರೆ ಎರಡು ಪಲ್ಸ್‌ಗಳ ನಡುವೆ 150 ಮಿಲಿಸೆಕೆಂಡ್ ಅಂತರ ಬರುತ್ತದೆ. ಮುಂದಿನ ಪಲ್ಸ್ ಬರುವವರೆಗೆ ಪಂಪನ್ನು ಓಡಿಸುತ್ತಿರಲು ಹೊಸ ಸರ್ಕ್ಯೂಟಿನಲ್ಲಿ ಹಾಕುವ ಟೈಮರ್ ಅದಕ್ಕಿಂತ ಬೇಗ ಕೈಬಿಟ್ಟರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಬಹಳ ತಡವಾಗಿ ಬಿಟ್ಟರೆ ಅಪಘಾತದಲ್ಲಿ ಎಂಜಿನ್ ನಿಂತ ಮೇಲೂ ಪಂಪು 5 ಬಾರ್‌ಗೂ ಹೆಚ್ಚಿನ ಒತ್ತಡದಲ್ಲಿ ಪೆಟ್ರೋಲನ್ನು ತಳ್ಳುತ್ತಲೇ ಇರುತ್ತದೆ. ‘ಡೈರೆಕ್ಟ್’ ಕೊಡುವುದನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಕಾಲೇಜು ಪ್ರಾಜೆಕ್ಟಿನ ಸರ್ಕ್ಯೂಟುಗಳು ಕಾರಿನಲ್ಲಿ ಸಾಯುವುದು ಸಾಮಾನ್ಯವಾಗಿ ಸಪ್ಲೈ ಭಾಗದಲ್ಲಿ, ಅಂದರೆ ಸರ್ಕ್ಯೂಟಿಗೆ ವಿದ್ಯುತ್ ಕೊಡುವ ಭಾಗದಲ್ಲಿ. ಸ್ಟಾರ್ಟರ್ ಎಳೆಯುವಾಗ 12 ವೋಲ್ಟ್ ಇದ್ದದ್ದು 6–7ಕ್ಕೆ ಇಳಿಯಬಹುದು; ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿಯ ಕ್ಲಾಂಪ್ ಸಡಿಲವಾಗಿ ಕಳಚಿದರೆ ಕ್ಷಣಮಾತ್ರ 80–100 ವೋಲ್ಟಿನವರೆಗೂ ಏರಬಹುದು. ಸರ್ಕ್ಯೂಟಿಗೆ ಸ್ಥಿರವಾದ 5 ವೋಲ್ಟ್ ಕೊಡುವ 7805 ಐಸಿ ತಡೆಯುವುದು 35 ವೋಲ್ಟನ್ನಷ್ಟೇ. ಆದ್ದರಿಂದ ಹಠಾತ್ತನೆ ಏರುವ ವೋಲ್ಟೇಜನ್ನು ತಡೆಯುವ ಟಿವಿಎಸ್ ಡಯೋಡ್, ಸೀರೀಸ್ ರೆಸಿಸ್ಟರ್ ಮತ್ತು 105 ಡಿಗ್ರಿ ಬಿಸಿ ತಡೆಯುವ ಕೆಪಾಸಿಟರ್ ಹಾಕಲೇಬೇಕು. ಇವೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ.

ತಯಾರಾದ ಮೇಲೆ ಮೇಜಿನ ಮೇಲೆಯೇ ಸಿಗ್ನಲ್ ಜನರೇಟರಿನಿಂದ 7 ಹರ್ಟ್ಸ್ ಪಲ್ಸ್ (ಸೆಕೆಂಡಿಗೆ ಏಳು, ಅಂದರೆ ಸುಮಾರು ಸ್ಟಾರ್ಟರ್ ತಿರುಗಿಸುವ ವೇಗದ್ದು) ಕೊಟ್ಟು, ಪಂಪಿನ ಬದಲು ಹೆಡ್‌ಲೈಟ್ ಬಲ್ಬನ್ನು ಸೇರಿಸಿ ನೋಡಿ. ಪಲ್ಸ್ ನಿಲ್ಲಿಸಿದ ಒಂದು ಸೆಕೆಂಡಿನೊಳಗೆ ಬಲ್ಬ್ ಆರದಿದ್ದರೆ ಅದನ್ನು ಕಾರಿಗೆ ಹಾಕಬೇಡಿ. ಅಲ್ಲಿಯವರೆಗೂ ಗಾಡಿ ಓಡಿಸಲೇಬೇಕಾದ ಸಂದರ್ಭವಿದ್ದರೆ, ಮೆಕ್ಯಾನಿಕ್ ಎಳೆದಿರುವ ತಂತಿಗೆ ಒಂದು ಫ್ಯೂಸ್ ಮತ್ತು ಕೈಗೆಟಕುವ ಸ್ವಿಚ್ಚನ್ನು ಇಂದೇ ಹಾಕಿಸಿಕೊಳ್ಳಿ.