ಹಿಮದ ಕೊಂಬೆಗೆ ಸಕುರಾ ಬೇಡ, ಉಮೆ ಬಿಡಿಸಿ

ಮೇಡಂ, ನೀವು ಹಾಕಿದ ಜಪಾನಿ ಶೈಲಿಯ ಚಿತ್ರ ನೋಡಿದೆ, ನಿಮ್ಮ ಬ್ರಷ್ ಹಿಡಿತ ಚೆನ್ನಾಗಿದೆ. ಆದರೆ ಹಿಮ ಕೂತ ಕೊಂಬೆ, ಅದರ ಮೇಲೆ ಉಗುಯಿಸು ಅನ್ನುವ ಜಪಾನಿನ ಹಾಡುಹಕ್ಕಿ, ಹೂವು ನೋಡಿದರೆ ಸಕುರಾ, ಅಂದರೆ ಚೆರ್ರಿ ಹೂವು! ಸಾಲದ್ದಕ್ಕೆ ಮೂಲೆಯಲ್ಲಿ ಶರತ್ಕಾಲದ ಸೇವಂತಿಗೆ. ನಾನೂ ಶುರುವಿನಲ್ಲಿ ಇದೇ ಕಲಸುಮೇಲೋಗರ ಮಾಡಿದವನು, ಅದಕ್ಕೇ ಸುಮ್ನಿರಲು ಆಗಲಿಲ್ಲ.

ಉಗುಯಿಸುಗೆ ಜೋಡಿ ಉಮೆ, ಅಂದರೆ ಜಪಾನಿನ ಪ್ಲಮ್ ಹೂವು. ಚಳಿ ಬಿಡುವ ಮೊದಲೇ ಬೋಳು ಕೊಂಬೆಯಲ್ಲಿ ಅರಳುತ್ತದೆ, ಅದಕ್ಕೇ ಅದು ಗಟ್ಟಿ ಜೀವದ ಗುರುತು. ಪೈನ್, ಬಿದಿರಿನ ಜೊತೆ ಶುಭಕ್ಕೆ ಬಿಡಿಸುವುದೂ ಇದನ್ನೇ. ಸಕುರಾ ಆಮೇಲೆ ಬರುತ್ತದೆ, ನಾಲ್ಕು ದಿನ ಮೆರೆದು ಉದುರುತ್ತದೆ. ಅದು ಹೇಳುವ ಮಾತೇ ಬೇರೆ. ಸಕುರಾ ಮೇಲೆ ಹಿಮ ಬೀಳುವುದೇ ಇಲ್ಲ ಅಂತಲ್ಲ, ಆದರೆ ಹಕ್ಕಿಯನ್ನೂ ಕೂರಿಸಿದ ಮೇಲೆ ನೋಡುವವರು ಉಮೆಯನ್ನೇ ಹುಡುಕುತ್ತಾರೆ. ನಾಲ್ಕೂ ಋತು ಒಟ್ಟಿಗೆ ಬರುವ ದೊಡ್ಡ ಮಡಿಕೆ ಪರದೆಗಳಿವೆ, ನಿಜ. ಅಲ್ಲಿ ಬಲದಿಂದ ಎಡಕ್ಕೆ ಕಾಲ ಸರಿಯುತ್ತದೆ. ಎ4 ಹಾಳೆಯಲ್ಲಿ ಆ ಸಾಹಸ ಬೇಡ.

ಎಸಳಿನ ತುದಿಯ ಸೀಳು ತೆಗೆಯಿರಿ, ಅದು ಸಕುರಾದ್ದು. ಉದ್ದ ತೊಟ್ಟೂ ಅದರದ್ದೇ. ಉಮೆಗೆ ದುಂಡು ಎಸಳು, ಹೂವು ಕೊಂಬೆಗೇ ಅಂಟಿದಂತಿರಬೇಕು.

ಕಾಂಡಕ್ಕೆ ತರಾಶಿಕೋಮಿ ಮಾಡಿ, ಅಂದರೆ ಹಸಿ ಬಣ್ಣದೊಳಗೆ ಇನ್ನೊಂದು ಬಣ್ಣ ಹರಡಲು ಬಿಡುವುದು. ಜಪಾನಿನ ಹಳೆಯ ಚಿತ್ರಕಾರ ಓಗಾತಾ ಕೋರಿನ್ ಅವರ ಕೆಂಪು-ಬಿಳಿ ಉಮೆ ಪರದೆಯ ಕಾಂಡ ಹಿಗ್ಗಿಸಿ ನೋಡಿ, ಪಾಚಿ ಹಿಡಿದ ಹಾಗೆ ಕಲೆ ಕಲೆ. ಮೊದಲ ಬಣ್ಣ ಹಸಿ ಇರುವಾಗಲೇ ಎರಡನೆಯದರ ಹನಿ ಬಿಡಿ, ಆಮೇಲೆ ಕೈ ಕಟ್ಟಿ ಕೂತುಕೊಳ್ಳಿ. ತಿದ್ದಲು ಹೋದಿರೋ, ಕೆಸರು. ಕಾಗದ ಸಮತಟ್ಟಾಗಿರಲಿ, ದೋಸಾ (ಅಂಟು, ಪಟಿಕ ಬೆರೆಸಿದ ನೀರು) ಬಳಿದದ್ದಾಗಿರಲಿ. ಏನೂ ಬಳಿಯದ ವಾಶಿ (ಜಪಾನಿ ಕಾಗದ) ಹನಿಯನ್ನು ಹೀರಿಬಿಡುತ್ತದೆ.

ಬಿಳಿಗೆ ದಯವಿಟ್ಟು ಪೋಸ್ಟರ್ ವೈಟ್ ಬೇಡ. ಗೋಫುನ್ ಅನ್ನುವ ಚಿಪ್ಪಿನ ಬಿಳಿ ಪುಡಿಯನ್ನು ನುಣ್ಣಗೆ ಅರೆದು, ನಿಕಾವಾ (ಪ್ರಾಣಿಜನ್ಯ ಅಂಟು) ಹಾಕಿ ಉಂಡೆ ಮಾಡಿ, ತಟ್ಟೆಗೆ ಮತ್ತೆ ಮತ್ತೆ ಬಡಿದು ನಾದಿ. ಬಳಿದಾಗ ಪೇಲವ ಕಾಣುತ್ತದೆ, ಒಣಗಿದರೆ ಬೆಳ್ಳಗಾಗುತ್ತದೆ. ಕಾಣಲಿಲ್ಲ ಅಂತ ಗಾಬರಿಯಾಗಿ ದಪ್ಪ ಮೆತ್ತಬೇಡಿ, ಬಿರುಕು ಬಿಡುತ್ತದೆ. ಬಣ್ಣಕ್ಕೆ ಕುರೆತಾಕೆ ಕಂಪನಿಯ ಗಾನ್ಸಾಯಿ (ಜಪಾನಿ ಜಲವರ್ಣ) ಕಲಿಯುವವರಿಗೆ ಧಾರಾಳ ಸಾಕು. ಆದರೆ ತೆಳ್ಳಗೆ ಬಳಿಯಿರಿ, ದಪ್ಪವಾದರೆ ಹೊಳಪು ಹೊಡೆಯುತ್ತದೆ. ದುಬಾರಿ ಖನಿಜ ಬಣ್ಣ ಈಗಲೇ ತರಿಸಬೇಡಿ.

ಸೇವಂತಿಗೆಯನ್ನು ಶರತ್ಕಾಲದ ಬೇರೆ ಹಾಳೆಗೆ ಇಟ್ಟುಕೊಳ್ಳಿ, ದೀರ್ಘಾಯುಸ್ಸಿನ ಹೂವು ಅದು. ನೇರ ಎದುರಿನಿಂದ 16 ಎಸಳು ಎಣಿಸಿ ಬಿಡಿಸಬೇಡಿ, ಜಪಾನಿನ ಅರಮನೆಯ ಲಾಂಛನ ಆಗಿಬಿಡುತ್ತದೆ. ಓರೆಯಾಗಿ ತಿರುಗಿಸಿ. ಹಾಂ, ಮುಂದೆ ಕ್ಯಾಮೆಲಿಯಾ ಬಿಡಿಸುವ ಆಸೆ ಇದೆ ಅಂದಿದ್ದೀರಲ್ವಾ? ಬಿಡಿಸಿ, ಆದರೆ ಕಾಯಿಲೆಯವರಿಗೆ ಮಾತ್ರ ಕೊಡಬೇಡಿ. ಅದು ತಲೆ ಸಮೇತ ಕಳಚಿ ಬೀಳುವ ಹೂವು ಅಂತ ಜಪಾನಿನವರು ಆಸ್ಪತ್ರೆಗೆ ಒಯ್ಯುವುದಿಲ್ಲ.