ನಾಯಿಯನ್ನು ಜರ್ಮನಿಗೆ ಕರೆದೊಯ್ಯಲು ಮೂರು ತಿಂಗಳು ಸಾಕಾಗುತ್ತಾ?

ಹುಬ್ಬಳ್ಳಿಯಿಂದ ಮೂರು ತಿಂಗಳಲ್ಲಿ ಜರ್ಮನಿಗೆ ಹೊರಟಿದ್ದೇವೆ, ನಮ್ಮ ಮುಧೋಳ ನಾಯಿಯನ್ನೂ ಕರೆದೊಯ್ಯಬೇಕು, ತಯಾರಿ ಹೇಗೆ ಅಂತ ಕೇಳಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ, ಇನ್ನೂ ಏನೂ ಶುರು ಮಾಡಿಲ್ಲ ಅಂದರೆ ಮೂರು ತಿಂಗಳು ಸಾಲುವುದಿಲ್ಲ. ಐದು ತಿಂಗಳು ಇಟ್ಟುಕೊಳ್ಳಿ.

ನಾವು ಧಾರವಾಡದಿಂದ ನಮ್ಮ ನಾಯಿ ಕರಿಯನನ್ನು ಕರೆದುಕೊಂಡು ಹೋದೆವು. ಅವನಿಗೆ ರೇಬಿಸ್ ಲಸಿಕೆ ಪ್ರತಿ ವರ್ಷ ತಪ್ಪದೆ ಹಾಕಿಸಿದ್ದೆವು. ಆದರೆ ಗುರುತಿನ ನಂಬರ್ ಇರುವ ಮೈಕ್ರೋಚಿಪ್ ಇರಲಿಲ್ಲ. ಚಿಪ್ ಹಾಕುವ ಮುಂಚೆ ಕೊಟ್ಟ ಲಸಿಕೆ ಯುರೋಪ್‌ನ ಲೆಕ್ಕಕ್ಕೆ ಬರುವುದೇ ಇಲ್ಲ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಎಲ್ಲಾ ಮೊದಲಿನಿಂದ ಮಾಡಿಸಬೇಕಾಯಿತು. ಯಜಮಾನರು ಮುಂದೆ ಹೋದರು, ನಾನು ಕರಿಯನ ಜೊತೆ ಉಳಿದೆ.

ಅದಕ್ಕೇ ಮೊದಲು ಚಿಪ್. ಅಕ್ಕಿಕಾಳಿನಷ್ಟಿರುತ್ತದೆ, ಕತ್ತಿನ ಹಿಂದೆ ಚರ್ಮದಡಿ ಹಾಕುತ್ತಾರೆ. ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಮಾದರಿಯದು, 15 ಅಂಕಿಯದು ಇರಬೇಕು. ಹಾಕಿದ ಮೇಲೆ ಸ್ಕ್ಯಾನರ್ ಹಿಡಿಸಿ, ನಂಬರನ್ನು ಲಸಿಕೆ ಪುಸ್ತಕದ ಜೊತೆ ನೀವೇ ಒಂದೊಂದೇ ಅಂಕಿ ತಾಳೆ ನೋಡಿ. ಅದೇ ದಿನ ರೇಬಿಸ್ ಲಸಿಕೆ ಹಾಕಿಸಬಹುದು. ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆಸಿ, ಯುರೋಪ್ ಒಪ್ಪಿದ ಲ್ಯಾಬ್‌ಗೇ ಟೈಟರ್ ಟೆಸ್ಟ್‌ಗೆ, ಅಂದರೆ ಲಸಿಕೆಯಿಂದ ರಕ್ತದಲ್ಲಿ ರೇಬಿಸ್ ತಡೆಯುವ ಶಕ್ತಿ ಎಷ್ಟು ಬಂದಿದೆ ಅಂತ ನೋಡುವ ಪರೀಕ್ಷೆಗೆ ಕಳಿಸಬೇಕು. ರಿಸಲ್ಟ್ ಪ್ರತಿ ಮಿಲಿಲೀಟರ್‌ಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಅಥವಾ ಜಾಸ್ತಿ ಬರಬೇಕು. ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಭಾರತದಿಂದ ಹೋಗುವ ನಾಯಿಗೆ ಇದು ಕಡ್ಡಾಯ. ದುಡ್ಡು ಕೊಟ್ಟರೂ ಈ ಮೂರು ತಿಂಗಳು ಕಡಿಮೆಯಾಗುವುದಿಲ್ಲ.

ಕೊನೆಯ ಹತ್ತು ದಿನ ಬೆಂಗಳೂರಿನ ಓಡಾಟ. ಅಲ್ಲಿನ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯಿಂದ ಆರೋಗ್ಯ ಸರ್ಟಿಫಿಕೇಟ್ ಬೇಕು. ಯುರೋಪ್ ಕೇಳುವ ಆರೋಗ್ಯ ಸರ್ಟಿಫಿಕೇಟ್‌ಗೆ ಸಹಿ ಬಿದ್ದ 10 ದಿನದೊಳಗೆ ಅಲ್ಲಿ ಇಳಿದಿರಬೇಕು. ನಾವು ರಾತ್ರಿ ತಂಪಿನಲ್ಲಿ ಕಾರಲ್ಲಿ ಹೊರಟು, ಹಾವೇರಿ, ಚಿತ್ರದುರ್ಗದಲ್ಲಿ ನಿಲ್ಲಿಸಿ ನೀರು ಕುಡಿಸಿದೆವು.

ಈ ಕಾಯುವ ತಿಂಗಳುಗಳನ್ನು ಸುಮ್ನೆ ಕಳೆಯಬೇಡಿ, ಕ್ರೇಟ್, ಅಂದರೆ ವಿಮಾನದಲ್ಲಿ ನಾಯಿಯನ್ನು ಕೂರಿಸುವ ಪೆಟ್ಟಿಗೆ, ರೂಢಿ ಮಾಡಿಸಿ. ಅದರೊಳಗೆ ನಾಯಿ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಮುಧೋಳ ನಾಯಿ ಎತ್ತರ ಅಲ್ವಾ, ದೊಡ್ಡದೇ ಬೇಕು. ಅಳತೆ ಹೇಳಿ ಏರ್‌ಲೈನ್ಸ್‌ನವರ ಒಪ್ಪಿಗೆ ಪಡೆದ ಮೇಲೆಯೇ ಟಿಕೆಟ್ ಮಾಡಿಸಿ. ನಾವು ಕ್ರೇಟನ್ನು ಪಡಸಾಲೆಯಲ್ಲಿಟ್ಟು, ಬಾಗಿಲು ತೆಗೆದೇ ಬಿಟ್ಟಿದ್ದೆವು. ಹಾಲು ರೊಟ್ಟಿ ಅದರೊಳಗೇ ಇಡುತ್ತಿದ್ದೆವು. ಮೊದಲ ವಾರ ಕರಿಯ ಕತ್ತು ಮಾತ್ರ ಹಾಕಿ ತಿಂದು ಓಡುತ್ತಿದ್ದ. ಅತ್ತೆಯವರು ತಮ್ಮ ಹಳೆಯ ಇಳಕಲ್ ಸೀರೆ ಮಡಚಿ ಒಳಗೆ ಹಾಸಿದರು. ಮಾರನೇ ದಿನ ಮಧ್ಯಾಹ್ನ ತಾನಾಗಿಯೇ ಹೋಗಿ ಅದರ ಮೇಲೆ ಮಲಗಿದ.

ನಿದ್ದೆ ಔಷಧಿ ಮಾತ್ರ ಕೊಡಬೇಡಿ. ವಿಮಾನದಲ್ಲಿ ಉಸಿರಾಟಕ್ಕೆ, ಹೃದಯಕ್ಕೆ ತೊಂದರೆಯಾಗಬಹುದು. ಕರಿಯ ಏನೂ ಇಲ್ಲದೆಯೇ ಹೋದ. ಫ್ರಾಂಕ್‌ಫರ್ಟ್‌ನಲ್ಲಿ ಅಧಿಕಾರಿ ಚಿಪ್ ಸ್ಕ್ಯಾನ್ ಮಾಡಿ ಕಾಗದದ ಜೊತೆ ನಂಬರ್ ತಾಳೆ ನೋಡುವಾಗ, ಅವನು ಆ ಸೀರೆಗೆ ಮೂತಿ ಒತ್ತಿಕೊಂಡು ಮಲಗಿದ್ದ.